ವಿಷ್ಣುಕ್ರಾಂತಿಯ ಚೀಲದೊಳಗಿನ ಕಾಗದ

ಸಂತಪುರ
9 ಆಗಸ್ಟ್ 2023

ಆಮ್ರಪಾಲಿ ಮೇಡಂ ಅವರಿಗೆ ಹಾವಗೆಪ್ಪನ ಶರಣು ಶರಣಾರ್ಥಿ.

ಮೊದಲ ಚೀಲ ಕಳಿಸಿದ್ದೇನೆ. ಔರಾದ–ಬೀದರ ಬಸ್ಸಿನ ಕಂಡಕ್ಟರ್ ಮಚ್ಛೇಂದ್ರ ನಿಮಗೆ ಬಸ್‌ಸ್ಟ್ಯಾಂಡಿನಲ್ಲಿ ಕೊಡುತ್ತಾನೆ. ಪ್ರತಿ ಚೀಲದ ಜೊತೆ ಕೈಬರಹದ ಚೀಟಿ ಇಡಲೇಬೇಕು, ಎಲ್ಲಿ ಕಿತ್ತದ್ದು, ಯಾವಾಗ ಕಿತ್ತದ್ದು ಎಲ್ಲ ಇರಬೇಕು, ಅದು ನಿಮ್ಮ ಕಾಲೇಜಿನ ಕಾಯ್ದೆ ಎಂದು ಹೇಳಿ ಕಳಿಸಿದ್ದೀರಿ. ಬರೆಯುತ್ತೇನೆ, ಓದುವ ಸಂಕಟ ನಿಮ್ಮದು.

ವಿಷ್ಣುಕ್ರಾಂತಿ, ಬೇರು ಸಮೇತ. ನೆರಳಿನಲ್ಲಿ ಐದು ದಿನ ಒಣಗಿಸಿದ ಮೇಲೆ ಆರು ಕಿಲೋ. ಊರ ಉತ್ತರದ ಕೆಂಪು ಬೋರೆಯ ಮೇಲೆ ಬೆಳಿಗ್ಗೆ ಹೂವು ಬಿಚ್ಚಿದಾಗ ಕಿತ್ತದ್ದು. ಇದರ ನೀಲಿ ಹೂವು ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಹುಲ್ಲಿನಲ್ಲಿ ಕಣ್ಣು ಕೀಲಿಸಿ ಹುಡುಕಿದರೂ ಸಿಗುವುದಿಲ್ಲ.

ಒಂದು ವಿನಂತಿ. ಫೋನ್ ಮಾಡಬೇಡಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಇಪ್ಪತ್ತೆಂಟು ವರ್ಷ ವಾಚರ್ ಆಗಿದ್ದೆ, ಡೀಸೆಲ್ ಪಂಪಿನ ಬದಿಯಲ್ಲಿ ಕೂತು ಕೂತು ಕಿವಿ ಹೋದವು. ನೀವು ಒದರುತ್ತೀರಿ, ನಾನು ಒದರುತ್ತೇನೆ, ಊರಿಗೆಲ್ಲ ಕೇಳುತ್ತದೆ, ನಮ್ಮಿಬ್ಬರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಮಚ್ಛೇಂದ್ರ ಖಾಲಿ ಚೀಲ ವಾಪಸು ತರುತ್ತಾನಲ್ಲ, ಹೇಳುವುದನ್ನು ಅದರಲ್ಲಿ ಬರೆದಿಡಿ.

ಇದರಿಂದ ಏನು ಮದ್ದು ಮಾಡುತ್ತೀರಿ? ನಮ್ಮ ಕಡೆ ಮಕ್ಕಳ ಬುದ್ಧಿ ಚುರುಕಾಗಲಿ ಎಂದು ಹಾಲಿನಲ್ಲಿ ಅರೆದು ಕುಡಿಸುತ್ತಿದ್ದರು. ನನಗೂ ಕುಡಿಸಿದ್ದರು. ವಾಚರ್ ಆದೆ.

ಹಾವಗೆಪ್ಪ


ಬೀದರ
21 ಆಗಸ್ಟ್ 2023

ಹಾವಗೆಪ್ಪ ಕಾಕಾ ಅವರಿಗೆ ಜೈ ಭೀಮ.

ಕಾಕಾ ಎನ್ನಬಹುದಲ್ಲವೆ? ನಿಮ್ಮ ಚೀಟಿ ಓದಿ ಪ್ರಯೋಗಶಾಲೆಯಲ್ಲಿ ಒಬ್ಬಳೇ ನಕ್ಕೆ. ಅಲ್ಲಿ ನಕ್ಕು ಬಹಳ ದಿನವಾಗಿತ್ತು.

ಮನಸ್ಸು ಕುಗ್ಗಿದವರಿಗೆ ಮದ್ದು ಹುಡುಕುತ್ತಿದ್ದೇನೆ. ದುಃಖವಲ್ಲ ಕಾಕಾ, ಅದು ಬೇರೆ. ದುಃಖಕ್ಕೆ ಕಾರಣವಿರುತ್ತದೆ, ಒಂದು ದಿನ ಇಳಿಯುತ್ತದೆ. ಇದು ಇಳಿಯುವುದಿಲ್ಲ. ನಿಮ್ಮ ಸೊಪ್ಪನ್ನು ಕೊಳಾರದ ಒಂದು ಗಿರಣಿಯಲ್ಲಿ ಪುಡಿ ಮಾಡಿಸಿ, ಸಾರ ತೆಗೆದು, ಬಿಳಿ ಇಲಿಗಳಿಗೆ ಕೊಡುತ್ತೇನೆ. ಇಲಿಗಳಲ್ಲಿ ಮೂರು ಗುಂಪು. ಒಂದಕ್ಕೆ ನಿಮ್ಮ ಸೊಪ್ಪಿನ ಸಾರ. ಒಂದಕ್ಕೆ ಡಾಕ್ಟರು ಮನುಷ್ಯರಿಗೆ ಬರೆಯುವ ಗುಳಿಗೆ. ಇನ್ನೊಂದಕ್ಕೆ ಬರೀ ನೀರು. ಮದ್ದು ಕುಡಿದವು ಕುಡಿಯದವುಗಳಿಗಿಂತ ಬೇರೆಯಾಗಿವೆಯೇ ಎಂದು ತಿಳಿಯಲು ಆ ನೀರಿನ ಗುಂಪು ಬೇಕೇ ಬೇಕು.

ಆಮೇಲೆ ಒಂದೊಂದನ್ನೂ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಆರು ನಿಮಿಷ ಬಿಡುತ್ತೇವೆ. ಮೊದಲು ಹೊರಬರಲು ಒದ್ದಾಡುತ್ತದೆ. ಸ್ವಲ್ಪ ಹೊತ್ತಿಗೆ ಆಸೆ ಬಿಟ್ಟು ಸುಮ್ಮನೆ ತೇಲುತ್ತದೆ. ಎಷ್ಟು ಹೊತ್ತು ಹಾಗೆ ತೇಲಿತು ಎಂಬುದನ್ನು ನಾನು ಗಡಿಯಾರ ಹಿಡಿದು ಬರೆದುಕೊಳ್ಳುತ್ತೇನೆ. ಮದ್ದು ಹತ್ತಿದ್ದರೆ ಇಲಿ ಬೇಗ ಆಸೆ ಬಿಡುವುದಿಲ್ಲ. ಹೆದರಬೇಡಿ, ಮುಳುಗಲು ಬಿಡುವುದಿಲ್ಲ, ಎತ್ತಿ ಟವೆಲಿನಿಂದ ಒರೆಸುತ್ತೇನೆ.

ನೌಬಾದಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೇನೆ. ಅವ್ವ ಭಾಲ್ಕಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ನನಗೆ ಕಾಗದ ಬರೆಯುವವರು ಯಾರೂ ಇಲ್ಲ. ಚೀಟಿ ಉದ್ದವಾದರೆ ಅಡ್ಡಿಯಿಲ್ಲ.

ಆಮ್ರಪಾಲಿ


ಸಂತಪುರ
27 ಸೆಪ್ಟೆಂಬರ್ 2023

ಆಮ್ರಪಾಲಿ ಬಾಯಿ ಅವರಿಗೆ ಶರಣು ಶರಣಾರ್ಥಿ.

ಕಾಕಾ ಎನ್ನಿ, ಧಾರಾಳವಾಗಿ ಎನ್ನಿ. ಈ ಸಲ ಏಳು ಕಿಲೋ, ಅದೇ ಬೋರೆ, ಸೆಪ್ಟೆಂಬರ್ ಇಪ್ಪತ್ತರಂದು ಕಿತ್ತದ್ದು.

ನಿಮ್ಮ ಇಲಿಗಳ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಆಸೆ ಬಿಟ್ಟು ಸುಮ್ಮನೆ ತೇಲುತ್ತದೆ ಎಂದು ಬರೆದಿದ್ದೀರಲ್ಲ, ಅಂಥ ಒಬ್ಬ ಹೆಣ್ಣುಮಗಳು ನಮ್ಮ ನೆರೆಮನೆಯಲ್ಲಿದ್ದಾಳೆ. ಬೆಳಿಗ್ಗೆ ಎದ್ದು ಗೋಡೆಗೆ ಬೆನ್ನು ಕೊಟ್ಟು ಕೂತರೆ ಬಿಸಿಲು ಅಂಗಳದ ಆ ಬದಿಗೆ ಹೋದರೂ ಏಳುವುದಿಲ್ಲ. ತಲೆ ಬಾಚಿಕೋ ಎಂದು ಹಣಿಗೆ ಕೈಗೆ ಕೊಟ್ಟರೆ ಹಣಿಗೆ ಹಿಡಿದುಕೊಂಡೇ ಕೂರುತ್ತಾಳೆ. ಪಲ್ಯಕ್ಕೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಾಳೆ. ಮನೆಯಲ್ಲಿ ಯಾರೂ ಸತ್ತಿಲ್ಲ, ಏನೂ ಕಳೆದಿಲ್ಲ. ಕೇಳಿದರೆ, ‘ಏನಿಲ್ಲ, ಸುಮ್ಮ ಕುಂತೀನಿ’ ಅನ್ನುತ್ತಾಳೆ. ತುಟಿ ನೋಡಿ ತಿಳಿದುಕೊಳ್ಳುತ್ತೇನೆ, ಈಗೀಗ ತುಟಿಯೂ ಅಲುಗುವುದಿಲ್ಲ.

ಡಾಕ್ಟರು ಒಂದೂವರೆ ವರ್ಷದಿಂದ ಗುಳಿಗೆ ಕೊಡುತ್ತಿದ್ದಾರೆ. ನುಂಗುತ್ತಾಳೆ, ಮಲಗುತ್ತಾಳೆ, ಬಾಯಿ ಒಣಗುತ್ತದೆ ಎನ್ನುತ್ತಾಳೆ. ‘ಹುಚ್ಚಿನ ಗೋಳಿ ನುಂಗ್ತಾಳ’ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಆಕೆಗೆ ನಮ್ಮ ಬೋರೆಯ ಸೊಪ್ಪು ಹತ್ತೀತೇ? ಖಚಿತವಾಗಿ ಬರೆಯಿರಿ. ನೆರೆಯವರು ಪಾಪ, ಬಹಳ ಕಂಗಾಲಾಗಿದ್ದಾರೆ.

ಹಾವಗೆಪ್ಪ


ಬೀದರ
6 ನವೆಂಬರ್ 2023

ಕಾಕಾ, ಜೈ ಭೀಮ!

ನಿಮ್ಮ ಸೊಪ್ಪು ಗೆದ್ದಿತು! ಅಷ್ಟು ದೂರದಲ್ಲಿ ನೀವಿದ್ದೀರಿ, ಇಲ್ಲದಿದ್ದರೆ ಪೇಢಾ ತಂದು ನಿಮ್ಮ ಬಾಯಿಗೇ ಹಾಕುತ್ತಿದ್ದೆ. ಇವತ್ತು ಇಲ್ಲಿ ಯಾರಿಗೆ ಹೇಳಬೇಕೆಂದು ತಿಳಿಯದೆ ಬಸ್‌ಸ್ಟ್ಯಾಂಡಿಗೆ ಬಂದು ಬೆಂಚಿನ ಮೇಲೆ ಕೂತು ನಿಮಗೆ ಬರೆಯುತ್ತಿದ್ದೇನೆ.

ನೀರಿನ ಗುಂಪಿನ ಇಲಿಗಳು ಆರು ನಿಮಿಷದಲ್ಲಿ ಮೂರೂವರೆ ನಿಮಿಷ ಆಸೆ ಬಿಟ್ಟು ತೇಲಿದವು. ನಿಮ್ಮ ಸೊಪ್ಪಿನ ಗುಂಪು ಒಂದೂವರೆ ನಿಮಿಷ ಮಾತ್ರ. ಅಂಗಡಿಯ ಗುಳಿಗೆಗೆ ಸರಿಸಮ, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ನನ್ನ ಸಂಶೋಧನೆಯ ಗೈಡ್ ಸರ್ ಲೆಕ್ಕದ ಪುಸ್ತಕವನ್ನು ಎರಡು ಸಲ ತಿರುವಿ ನೋಡಿ, ‘ಇನ್ನೊಂದು ಸಲ ಮಾಡಿ ತೋರಿಸು’ ಎಂದರು. ಮಾಡುತ್ತೇನೆ. ಇಲಿ ನೋಡಿಕೊಳ್ಳಲು ಮರಿಯಮಬೀ ಎಂಬವರು ಹೊಸದಾಗಿ ಬಂದಿದ್ದಾರೆ, ಕೈ ಬಹಳ ಸ್ವಚ್ಛ, ಇನ್ನು ನನಗೆ ಅರ್ಧ ಕೆಲಸ ಕಡಿಮೆ.

ನಿಮ್ಮ ನೆರೆಮನೆಯವರಿಗೆ ನನ್ನ ನಮಸ್ಕಾರ ಹೇಳಿ. ಎಲ್ಲ ಸರಿಯಾದರೆ ಇನ್ನು ಏಳೆಂಟು ವರ್ಷಕ್ಕೆ ಇದೇ ಒಂದು ಗುಳಿಗೆಯಾಗಿ ಬರಬಹುದು. ಚೀಲ ಬೇಗ ಕಳಿಸಿ.

ಆಮ್ರಪಾಲಿ


ಸಂತಪುರ
18 ಡಿಸೆಂಬರ್ 2023

ಆಮ್ರಪಾಲಿ ಬಾಯಿ ಅವರಿಗೆ ಶರಣು ಶರಣಾರ್ಥಿ.

ಈ ಸಲ ನಾಲ್ಕೇ ಕಿಲೋ. ಬೋರೆಯ ಮೇಲೆ ಕುರಿ ಹಾಯ್ದವು ಎಂದು ತಿಳಿಯಿರಿ. ಮುಂದಿನ ಚೀಲ ತುಂಬಿಸಿ ಕಳಿಸುತ್ತೇನೆ.

ನೆರೆಮನೆಯ ಹೆಣ್ಣುಮಗಳು ಮೊನ್ನೆ ತಾನೇ ತಲೆ ಬಾಚಿಕೊಂಡಳು. ಬಾಯಿ ಒಣಗುವುದು ನಿಂತಿದೆ. ನಿನ್ನೆ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿದಳು, ಉಪ್ಪು ಒಂದೇ ಸಲ ಬಿದ್ದಿತ್ತು. ನಾನು ನಾಲ್ಕು ತಿಂದೆ. ಒಲೆಯ ಮುಂದೆ ಆಕೆ ತಟ್ಟುತ್ತ ಕೂತದ್ದನ್ನು ನೋಡಿ, ಇಷ್ಟು ವಯಸ್ಸಾದ ಗಂಡಸು ಕಣ್ಣೊರೆಸಿಕೊಳ್ಳಲು ಹಿತ್ತಲಿಗೆ ಹೋದೆ. ನಿಮ್ಮ ಓದು ದೊಡ್ಡದು ಬಾಯಿ. ಬಸವಣ್ಣ ನಿಮ್ಮನ್ನು ತಣ್ಣಗಿಟ್ಟಿರಲಿ.

ಹಾವಗೆಪ್ಪ


ಬೀದರ
19 ಫೆಬ್ರವರಿ 2024

ಕಾಕಾ ಅವರಿಗೆ ಜೈ ಭೀಮ.

ತಡವಾಗಿ ಬರೆಯುತ್ತಿದ್ದೇನೆ. ಬರೆಯುವಂಥ ಸುದ್ದಿ ಇರಲಿಲ್ಲ, ಈಗಲೂ ಒಳ್ಳೆಯದಿಲ್ಲ.

ಎರಡನೆಯ ಸಲದ ಪ್ರಯೋಗ ಮುಗಿಯಿತು. ನೀರಿನ ಗುಂಪಿನ ಇಲಿಗಳೂ ಆಸೆ ಬಿಡಲಿಲ್ಲ. ಮದ್ದು ಕುಡಿದವುಗಳಷ್ಟೇ ಹೊತ್ತು ಒದ್ದಾಡಿದವು. ಬರೀ ನೀರು ಕುಡಿದ ಇಲಿ ಮದ್ದು ಕುಡಿದ ಇಲಿಗೆ ಸಮನಾದರೆ ಮದ್ದಿನ ಗುಣ ಏನೆಂದು ಹೇಳುವುದು? ಗಡಿಯಾರ ಕೆಟ್ಟಿದೆಯೆಂದು ಬದಲಿಸಿದೆ. ನೀರಿನ ಬಿಸಿ ಅಳೆದೆ. ನನ್ನ ಮೇಲೇ ಅನುಮಾನ ಬಂತು. ಕೊನೆಗೆ ಮೊನ್ನೆ ಮಧ್ಯಾಹ್ನ ಊಟ ಬಿಟ್ಟು ಇಲಿ ಮನೆಗೆ ಹೋದೆ. ಮರಿಯಮಬೀ ನೆಲದ ಮೇಲೆ ಕೂತಿದ್ದರು. ಅವರ ಅಂಗೈಯಲ್ಲಿ ನೀರಿನ ಗುಂಪಿನ ಇಲಿ. ಬೆರಳಿನಿಂದ ಅದರ ಬೆನ್ನು ಸವರುತ್ತ ಅದಕ್ಕೆ ಏನೋ ಹೇಳುತ್ತಿದ್ದರು.

‘ಏನ್ ಮಾಡ್ಲಿಕ್ಕತ್ತೀರಿ?’ ಎಂದು ಚೀರಿದೆ.

‘ಏನಿಲ್ಲ ಬೇಟಿ. ಆ ಕಡಿನವಕ್ಕ ನಿನ್ನ ದವಾ ಸಿಗತದ. ಈ ಬಿಚಾರಾಗಳಿಗಿ ಬರೇ ನೀರು ಅಂತ ನೀನೇ ಹೇಳಿದ್ದಿ. ಅದಕ್ಕ ದಿನಾ ಅರ್ಧಾ ತಾಸು ಇವುಗಳ ಹಂತೇಲಿ ಕುಂದರ್ತೇನಿ. ಒಂದೊಂದಕ್ಕೂ ಹೆಸರಿಟ್ಟೀನಿ. ನನಗ ಸೈತ ಮನ್ಯಾಗ ಮಾತಾಡ್ಲಾಕ ಯಾರದಾರ?’

ಮೂರು ತಿಂಗಳು! ಮೂರು ತಿಂಗಳಿಂದ ದಿನವೂ! ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಇಲಿಯನ್ನು ಮೆಲ್ಲಗೆ ಪಂಜರಕ್ಕೆ ಬಿಟ್ಟು, ಕೈ ತೊಳೆದು, ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮೊದಲಿಂದ ಎಲ್ಲ ಮಾಡಬೇಕೆಂದು ಗೈಡ್ ಸರ್ ಹೇಳಿದ್ದಾರೆ. ಅಂದರೆ ಇನ್ನೊಂದು ವರ್ಷ.

ನಿಮ್ಮ ಸೊಪ್ಪು ಗೆದ್ದಿತೆಂದು ಬರೆದಿದ್ದೆ. ಆ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ಸೋತಿತೆಂದೂ ಅಲ್ಲ. ಗೊತ್ತಿಲ್ಲ, ಅಷ್ಟೆ. ಬೋರೆಯ ಮೇಲೆ, ಹೊಲದ ಬದುವಿನಲ್ಲಿ, ಎಲ್ಲಿ ಹಸಿರು ಉಳಿದಿದ್ದರೂ ಸರಿ, ಒಂದು ಹತ್ತು ಕಿಲೋ ಕಳಿಸಲಾದೀತೇ?

ಆಮ್ರಪಾಲಿ


ಬೀದರ
11 ಮಾರ್ಚ್ 2024

ಕಾಕಾ,

ಎರಡು ವಾರದಿಂದ ಬಸ್ಸಿಗೆ ಬಂದು ಕಾಯುತ್ತಿದ್ದೇನೆ. ‘ಕಾಕಾ ಸ್ಟಾಪಿನ್ಯಾಗ ಇರಲಿಲ್ಲರಿ, ಮನಿ ಕೀಲಿ ಹಾಕ್ಯದ’ ಎಂದು ಮಚ್ಛೇಂದ್ರ ಹೇಳಿದ. ನನ್ನ ಮೇಲೆ ಸಿಟ್ಟಾಗಿದ್ದೀರಾ? ಸೊಪ್ಪು ಇಲ್ಲದಿದ್ದರೆ ಬಿಡಿ, ಚೀಟಿಯನ್ನಾದರೂ ಕಳಿಸಿ.

ಆಮ್ರಪಾಲಿ


ಭಾಲ್ಕಿ
20 ಮಾರ್ಚ್ 2024

ಆಮ್ರಪಾಲಿ ಮೇಡಂ ಅವರಿಗೆ,

ಇದು ಅಂಚೆಯಲ್ಲಿ ಬರುತ್ತದೆ. ಚೀಲವಿಲ್ಲ.

ನೆರೆಮನೆಯ ಹೆಣ್ಣುಮಗಳು ನನ್ನ ಹೆಂಡತಿ. ಹೆಸರು ಗುರಮ್ಮ. ಭಾಲ್ಕಿಯ ಆಸ್ಪತ್ರೆಯಲ್ಲಿದ್ದಾಳೆ, ನಾನು ಮಂಚದ ಬದಿಗೆ ಕೂತು ಬರೆಯುತ್ತಿದ್ದೇನೆ. ಮನೆಯ ಮಾತು ಹೊರಗೆ ಹೋಗಬಾರದೆಂದು ಹಾಗೆ ಬರೆದಿದ್ದೆ.

ನಿಮ್ಮ ನವೆಂಬರಿನ ಕಾಗದ ಬಂದ ದಿನವೇ ಅವಳ ಗುಳಿಗೆ ಬಿಡಿಸಿದೆ. ‘ಗುಳಿಗೆಗೆ ಸರಿಸಮ’ ಎಂದು ಬರೆದವರು ನೀವು. ದಿನಾ ಒಂದು ಹಿಡಿ ಸೊಪ್ಪು ಕುದಿಸಿ ಕುಡಿಸಿದೆ. ಚೀಲ ಹಗುರಾದದ್ದು ಅದಕ್ಕೆ, ಕುರಿಗಳು ಪಾಪ ಏನೂ ಮಾಡಿರಲಿಲ್ಲ. ಡಿಸೆಂಬರಿನಲ್ಲಿ ಎದ್ದು ಓಡಾಡಿದಳು. ನಾನು ನಂಬಿದೆ. ಎಳ್ಳಮಾವಾಸ್ಯೆ ಮುಗಿದ ಮೇಲೆ ಮತ್ತೆ ಗೋಡೆ ಹಿಡಿದಳು. ನಾನು ಒಂದು ಹಿಡಿಯ ಬದಲು ಎರಡು ಹಿಡಿ ಕುದಿಸಿದೆ.

ಫೆಬ್ರವರಿ ಇಪ್ಪತ್ತೈದಕ್ಕೆ ನಿಮ್ಮ ಕಾಗದ ಕೈಗೆ ಬಂತು. ‘ಗೊತ್ತಿಲ್ಲ, ಅಷ್ಟೆ’ ಎಂದಿತ್ತು. ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಆದರೆ ನೀವು ಹತ್ತು ಕಿಲೋ ಕೇಳಿದ್ದಿರಿ, ಮಾತು ಕೊಟ್ಟ ಮನುಷ್ಯ ನಾನು, ಮೊದಲು ಅದನ್ನು ಮುಗಿಸೋಣ ಎಂದು ಮಾರನೆಯ ದಿನ ಹೊಲಕ್ಕೆ ಹೋದೆ. ಬಾವಿಯ ಬದಿಯ ಬದುವಿನಲ್ಲಿ ಬಗ್ಗಿ ಕೀಳುತ್ತಿದ್ದೆ. ಗುರಮ್ಮ ಬುತ್ತಿ ತಂದು ಬಾವಿಯ ಕಟ್ಟೆಯ ಮೇಲೆ ಕೂತಿದ್ದಳಂತೆ. ನನ್ನ ಬೆನ್ನು ಅವಳ ಕಡೆಗಿತ್ತು.

ಬದಿಯ ಹೊಲದ ಚಾಂದ ಪಾಶಾ ಓಡಿ ಬಂದು ನೀರಿಗಿಳಿದ. ಅವನು ಮೇಲಕ್ಕೆ ಎತ್ತುವಾಗಲೇ ನಾನು ತಿರುಗಿ ನೋಡಿದ್ದು. ಕಾಲು ಮುರಿದಿದೆ, ಜೀವ ಉಳಿದಿದೆ.

ನಾಲ್ಕನೆಯ ದಿನ ಅವಳ ತುಟಿ ಅಲುಗಿತು. ‘ಮೂರು ಸಲ ಕರದೆ. ನೀವು ತಿರುಗಿ ನೋಡಲಿಲ್ಲ’ ಎಂದಳು. ಚಾಂದ ಪಾಶಾನಿಗೆ ಎರಡು ಹೊಲದ ಆಚೆ ಕೇಳಿದೆ. ನನಗೆ ಹತ್ತು ಹೆಜ್ಜೆಯಲ್ಲಿ ಕೇಳಲಿಲ್ಲ.

ಇಲಿಯ ಮೈ ಯಾರೋ ಸವರಿದರೆಂದು ನೀವು ಬಾಗಿಲು ಹಾಕಿಕೊಂಡು ಅತ್ತಿರಿ. ಅತ್ತದ್ದನ್ನು ಒಂದು ಪುಟ ಬರೆದಿರಿ. ಆ ನೆರೆಮನೆಯವಳು ಹೇಗಿದ್ದಾಳೆ ಎಂದು ಒಂದು ಸಾಲು ಕೇಳಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಇನ್ನು ಚೀಲ ಬರುವುದಿಲ್ಲ. ನೀವೂ ಬರೆಯಬೇಡಿ.

ಹಾವಗೆಪ್ಪ


ಬೀದರ
26 ಮಾರ್ಚ್ 2024

ಕಾಕಾ,

ಬರೆಯಬೇಡಿ ಎಂದಿದ್ದೀರಿ. ಇದೊಂದು ಬರೆಯುತ್ತೇನೆ. ಹರಿದು ಹಾಕುವುದಾದರೆ ಓದಿದ ಮೇಲೆ ಹರಿಯಿರಿ.

ನೆರೆಮನೆಯ ಹೆಣ್ಣುಮಗಳು ನೆರೆಮನೆಯವಳಲ್ಲ ಎಂದು ನನಗೆ ಸೆಪ್ಟೆಂಬರಿನಲ್ಲೇ ಗೊತ್ತಾಗಿತ್ತು. ನೆರೆಮನೆಯವಳ ಕೈಗೆ ಹಣಿಗೆ ಕೊಡುವವರು ಯಾರು? ಅವಳ ಪಲ್ಯದ ಉಪ್ಪು ಯಾರಿಗೆ ತಿಳಿಯುತ್ತದೆ? ಗೊತ್ತಿದ್ದೂ ಕೇಳಲಿಲ್ಲ. ಕೇಳಿದರೆ ನೀವು ನಾಚಿಕೊಂಡು ಬರೆಯುವುದನ್ನು ಬಿಡುತ್ತೀರಿ, ಚೀಲ ನಿಲ್ಲುತ್ತದೆ ಎಂದು ಹೆದರಿದೆ. ಸೊಪ್ಪು ಹತ್ತೀತೇ ಎಂದು ನೀವು ಕೇಳಿದ್ದಿರಿ. ಗುಳಿಗೆ ಬಿಡಿಸಬೇಡಿ ಎಂಬ ಎರಡು ಶಬ್ದ ಬರೆಯಬೇಕಿತ್ತು. ನಾನು ನನ್ನ ಸಂಭ್ರಮ ಬರೆದೆ.

ಇನ್ನೊಂದು. ಇದನ್ನು ಯಾರಿಗೂ ಹೇಳಿಲ್ಲ. ಒಂದು ಗುಂಪಿನ ಇಲಿಗಳಿಗೆ ಡಾಕ್ಟರು ಬರೆಯುವ ಗುಳಿಗೆ ಕೊಡುತ್ತೇನೆ ಎಂದಿದ್ದೆನಲ್ಲ, ಅದೇ ಗುಳಿಗೆಯನ್ನು ನಾಲ್ಕು ವರ್ಷದಿಂದ ನಾನೂ ನುಂಗುತ್ತಿದ್ದೇನೆ. ಬೆಳಿಗ್ಗೆ ನುಂಗಿ, ನೀರು ಕುಡಿದು, ಆಮೇಲೆ ನಿಮ್ಮ ಸೊಪ್ಪಿನ ಸಾರ ತೆಗೆಯಲು ಹೋಗುತ್ತೇನೆ. ಮೊದಲ ವರ್ಷ ನನ್ನ ಬಾಯಿಯೂ ಒಣಗುತ್ತಿತ್ತು. ಒಮ್ಮೆ ನಾನೇ ಬಿಟ್ಟು ನೋಡಿದೆ. ಒಂದು ತಿಂಗಳು ತಲೆ ಹಗುರಾಗಿತ್ತು, ಗೆದ್ದೆ ಎಂದುಕೊಂಡೆ. ಎರಡನೆಯ ತಿಂಗಳು ಕೋಣೆಯ ಬಾಗಿಲು ತೆರೆಯಲಾಗಲಿಲ್ಲ. ಇದನ್ನು ಸೆಪ್ಟೆಂಬರಿನಲ್ಲಿ ನಿಮಗೆ ಬರೆದಿದ್ದರೆ ಗುರಮ್ಮ ಕಾಕಿ ಬಾವಿಯ ತನಕ ಹೋಗುತ್ತಿರಲಿಲ್ಲ. ಓದಿದವಳು, ಮದ್ದು ಮಾಡುವವಳು, ಹುಚ್ಚಿನ ಗೋಳಿ ನುಂಗುತ್ತಾಳೆ ಎಂದು ನೀವು ತಿಳಿಯುವುದು ನನಗೆ ಬೇಡವಾಗಿತ್ತು.

ಅವ್ವನಿಗೂ ಗೊತ್ತಿಲ್ಲ. ಗೊತ್ತಾದರೆ ಓದು ಬಿಡಿಸಿ ಕರೆದುಕೊಂಡು ಹೋಗುತ್ತಾಳೆ. ಅವಳು ನೀವಿರುವ ಊರಿನಲ್ಲೇ ಇದ್ದಾಳೆ ಕಾಕಾ. ಇದು ನಿಮ್ಮಲ್ಲೇ ಇರಲಿ.

ಮರಿಯಮಬೀ ಅವರ ಕ್ಷಮೆ ಕೇಳಿದೆ. ನಿಮ್ಮ ಕ್ಷಮೆ ಕೇಳುವ ಮುಖ ನನಗಿಲ್ಲ. ಗುಳಿಗೆ ಹತ್ತಲು ಮೂರು ನಾಲ್ಕು ವಾರ ಬೇಕು. ಅಲ್ಲಿಯ ತನಕ ಕಾಕಿಯನ್ನು ಒಬ್ಬರನ್ನೇ ಬಿಡಬೇಡಿ.

ಆಮ್ರಪಾಲಿ


ಭಾಲ್ಕಿ
7 ಏಪ್ರಿಲ್ 2024

ಮಗಳೆ ಆಮ್ರಪಾಲಿ,

ನಾನೊಂದು ತಪ್ಪು ಮಾಡಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ನಿನ್ನ ಕಾಗದವನ್ನು ಗುರಮ್ಮನಿಗೆ ಓದಿ ಹೇಳಿದೆ. ಮೆಲ್ಲಗೆ ಓದುತ್ತಿದ್ದೇನೆ ಎಂದುಕೊಂಡಿದ್ದೆ. ಮುಗಿಸಿ ತಲೆಯೆತ್ತಿದರೆ ವಾರ್ಡಿನ ಆರೂ ಮಂಚದವರು ನನ್ನನ್ನೇ ನೋಡುತ್ತಿದ್ದರು, ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಳು. ಕಿವಿ ಇಲ್ಲದವನಿಗೆ ತನ್ನ ದನಿ ಎಷ್ಟು ಏರಿದೆ ಎಂದು ತಿಳಿಯುವುದಿಲ್ಲವಲ್ಲ. ಕೊನೆಯ ಮಂಚದವಳು ನಿನ್ನ ಅವ್ವನ ಗಲ್ಲಿಯವಳೆಂದು ಆಮೇಲೆ ತಿಳಿಯಿತು.

ಗುರಮ್ಮ ನನ್ನ ತೋಳು ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ‘ನೆರಮನ್ಯಾಕಿ ಯಾರು?’ ಎಂದು ಕೇಳಿದಳು. ನಾನು ಹೇಳಿದೆ. ‘ಮೂವತ್ತು ವರ್ಷ ನಿಮ್ಮ ಮನ್ಯಾಗ ರೊಟ್ಟಿ ಬಡದು ನಾ ನೆರಮನ್ಯಾಕಿ ಆದ್ನೇನ್ರಿ?’ ಎಂದಳು. ಆಮೇಲೆ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಿಟ್ಟು ಮಾಡಿಕೊಂಡು ಮಲಗಿದ್ದಳು. ಬಹಳ ವರ್ಷದ ಮೇಲೆ ಅವಳಿಗೆ ಸಿಟ್ಟು ಬಂದದ್ದು, ನನಗೆ ಅದೂ ಒಂದು ಸಮಾಧಾನ.

ಮೂರನೆಯ ದಿನ ನಿನ್ನ ಅವ್ವ ಬಂದರು. ಅಂಗನವಾಡಿಯಿಂದ ನೇರ ಬಂದಿದ್ದರು, ಕೈಯಲ್ಲಿ ಹಾಜರಿ ಪುಸ್ತಕ. ‘ನಮ್ಮ ಆಮ್ರಪಾಲಿದು ಏನೋ ಕಾಗದ ಓದಿದ್ರಂತಲ್ರಿ, ಖರೇ ಏನು?’ ಎಂದರು. ನಾನು ಕಾಗದವನ್ನು ಗುರಮ್ಮನ ದಿಂಬಿನ ಕೆಳಗೆ ತುರುಕಿ, ‘ನನಗ ಕಿವಿ ಕೇಳಸಂಗಿಲ್ಲರಿ’ ಎಂದೆ. ಜನ್ಮದಲ್ಲಿ ಮೊದಲ ಸಲ ಕಿವುಡು ಕೆಲಸಕ್ಕೆ ಬಂತು ಎಂದುಕೊಂಡೆ. ಅಷ್ಟರಲ್ಲಿ ಗುರಮ್ಮ ದಿಂಬಿನ ಕೆಳಗೆ ಕೈ ಹಾಕಿ ಕಾಗದ ತೆಗೆದು ಅವರಿಗೆ ಕೊಟ್ಟುಬಿಟ್ಟಳು. ನನ್ನ ಕಡೆ ನೋಡಲೂ ಇಲ್ಲ.

ಅವರು ಮಂಚದ ಕಾಲ ಬದಿಗೆ ಕೂತು ಓದಿದರು. ಅಳಲಿಲ್ಲ. ಮಡಿಸಿದ್ದನ್ನು ಮತ್ತೆ ಬಿಚ್ಚಿ ಓದಿದರು. ಆಮೇಲೆ ಗುರಮ್ಮನಿಗೆ ಹೇಳಿದ್ದನ್ನು ನಾನು ತುಟಿಯಲ್ಲಿ ನೋಡಿದೆ. ‘ದಿನಾ ಸಂಜಿಗಿ ಫೋನ್ ಮಾಡ್ತಾಳ. ಆರಾಮಿದ್ದೀನಿ ಅಂತಾಳ. ನಾ ಸೈತ ಆರಾಮಿದ್ದೀನಿ ಅಂತೇನಿ. ಇಬ್ಬರೂ ಫೋನ್ ಇಡ್ತೇವಿ.’

‘ಹೋಗ್ರಿ. ಆಕಿ ಕರಿಯೋ ತನಕಾ ಕಾಯಬ್ಯಾಡ್ರಿ’ ಎಂದಳು ಗುರಮ್ಮ.

ಮೂರೂವರೆಯ ಬಸ್ಸಿಗೆ ಹೊರಟರು. ಈ ಕಾಗದ ಮುಟ್ಟುವಷ್ಟರಲ್ಲಿ ನಿನ್ನ ಬಾಗಿಲು ಬಡಿದಿರುತ್ತಾರೆ. ಓದು ಬಿಡಿಸುತ್ತಾರೋ ಇಲ್ಲವೋ ನನಗೆ ತಿಳಿಯದು. ನಿನ್ನ ಗುಟ್ಟು ಊರಿಗೆ ಒದರಿದವನು ನಾನು, ಅದನ್ನು ನೀನು ಮರೆಯಬೇಕಾಗಿಲ್ಲ.

ಗುರಮ್ಮ ಗುಳಿಗೆ ನುಂಗುತ್ತಿದ್ದಾಳೆ. ಹತ್ತಿದೆಯೋ ಇಲ್ಲವೋ ಇನ್ನೂ ಹೇಳಲು ಬರುವುದಿಲ್ಲ ಎನ್ನುತ್ತಾರೆ ಡಾಕ್ಟರು. ನಿನಗೆ ಇನ್ನೂ ಬಹಳ ಬರೆಯುವುದಿತ್ತು. ಆದರೆ ಬರೆಯುವಾಗ ತಲೆ ಬಗ್ಗುತ್ತದೆ, ಅವಳ ಮುಖ ಕಾಣುವುದಿಲ್ಲ. ಇಲ್ಲಿಗೆ ಬಿಡುತ್ತೇನೆ.

ಹಾವಗೆಪ್ಪ